ಸ್ಪಿನ್‌ಗಳ ಅಲುಗಾಟ ಶಿಸ್ತು ತರುವುದು ಹೇಗೆ? ಗ್ರಾಫ್ ಹಾಳೆ ತೆಗೆದು ನೋಡಿ

ಕಾಂತವನ್ನು ಚೆನ್ನಾಗಿ ಕಾಯಿಸಿದರೆ ಅದರ ಸೆಳೆತ ಹೋಗುತ್ತದೆ ಅಂತ ಶಾಲೆಯಲ್ಲೇ ಓದಿದ್ದೇವೆ. ಪರಮಾಣುಗಳ ಅಲುಗಾಟ ಜಾಸ್ತಿಯಾದರೆ ಒಳಗಿನ ಶಿಸ್ತು ಕೆಡುತ್ತದೆ, ಅಲ್ವಾ? ಆದರೆ ಕೆಲವು ಕಾಂತಗಳಲ್ಲಿ ಆ ಅಲುಗಾಟವೇ ಶಿಸ್ತು ತರುತ್ತದೆ. ಫ್ರಾನ್ಸಿನ ಜಾಕ್ ವಿಲ್ಲೆನ್ ಮತ್ತು ಸಂಗಡಿಗರು 1980ರಲ್ಲಿ ಇದನ್ನು ತೋರಿಸಿಕೊಟ್ಟರು. ನೀವೂ ನೋಡಬಹುದು. ಒಂದು ಗ್ರಾಫ್ ಹಾಳೆ, ಕೆಂಪು ಮತ್ತು ನೀಲಿ ಪೆನ್ನು ಇದ್ದರೆ ಸಾಕು.

ಮೊದಲು ಗೆರೆಗಳು ಕೂಡುವಲ್ಲೆಲ್ಲ ಚುಕ್ಕೆ ಇಡಿ. ಒಂದು ಕೆಂಪು, ಪಕ್ಕದ್ದು ನೀಲಿ, ಚದುರಂಗದ ಹಾಸಿನ ಮನೆಗಳ ಹಾಗೆ. ಒಂದೊಂದು ಚುಕ್ಕೆಯೂ ಒಂದು ಪರಮಾಣು. ಅದರ ಮೇಲೆ ಬರೆಯುವ ಬಾಣ ಅದರ ಸ್ಪಿನ್, ಅಂದರೆ ಪರಮಾಣುವನ್ನು ಪುಟ್ಟ ಕಾಂತವಾಗಿಸುವ ಗುಣ. ಆಂಟಿಫೆರೋಮ್ಯಾಗ್ನೆಟ್‌ನಲ್ಲಿ ನೆರೆಯ ಬಾಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ನಿಲ್ಲಲು ನೋಡುತ್ತವೆ. ಪಕ್ಕದ ಚುಕ್ಕೆಯೊಂದಿಗಿನ ಈ ಹಟದ ಅಳತೆ ಜೆ1. ಓರೆಯಲ್ಲಿರುವ ಚುಕ್ಕೆಯೊಂದಿಗಿನದು ಜೆ2. ಎರಡೂ ಹಟ ಒಟ್ಟಿಗೆ ನಡೆಯುವುದಿಲ್ಲ. ಇದನ್ನೇ ಫ್ರಸ್ಟ್ರೇಶನ್ ಅನ್ನುತ್ತಾರೆ. ಜೆ2 ಎನ್ನುವುದು ಜೆ1ರ ಅರ್ಧಕ್ಕಿಂತ ಜಾಸ್ತಿ ಇದ್ದರೆ ಓರೆಯ ಹಟವೇ ಗೆಲ್ಲುತ್ತದೆ. ನಾವು ಅದನ್ನೇ ಇಟ್ಟುಕೊಳ್ಳೋಣ.

ಈಗ ಕೆಂಪು ಬಾಣ ಬರೆಯಿರಿ. ಒಂದು ಮೇಲಕ್ಕೆ, ಅದರ ಓರೆಯಲ್ಲಿರುವ ನಾಲ್ಕೂ ಕೆಳಕ್ಕೆ. ಹೀಗೇ ಮುಂದುವರಿಸಿ. ಆಮೇಲೆ ಯಾವುದಾದರೂ ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟು ಸುತ್ತಲಿನ ನಾಲ್ಕು ಕೆಂಪು ಬಾಣ ಎಣಿಸಿ. ಎರಡು ಮೇಲಕ್ಕೆ, ಎರಡು ಕೆಳಕ್ಕೆ. ಕೂಡಿದರೆ ಸೊನ್ನೆ! ಅಂದರೆ ಹೀಗೇ ನಿಲ್ಲು ಅಂತ ಕೆಂಪಿನವರು ನೀಲಿಗೆ ಏನೂ ಹೇಳುತ್ತಿಲ್ಲ. ನೀಲಿಯವು ತಮ್ಮೊಳಗೆ ಓರೆಯ ನಿಯಮ ಪಾಲಿಸಿದರಾಯಿತು. ಇಡೀ ನೀಲಿ ಗುಂಪನ್ನು 10 ಡಿಗ್ರಿ ತಿರುಗಿಸಿ, 90 ಡಿಗ್ರಿ ತಿರುಗಿಸಿ, ಶಕ್ತಿಯ ಲೆಕ್ಕ ಕೂದಲೆಳೆಯಷ್ಟೂ ಬದಲಾಗದು.

ಹಾಗಾದರೆ ಕೋನ ತೀರ್ಮಾನಿಸುವವರು ಯಾರು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಾಣದ ಉದ್ದ ಬದಲಾಗುವುದಿಲ್ಲ. ಹಾಗಾಗಿ ಅದು ಅಲುಗಿದರೆ ಅಡ್ಡಕ್ಕೇ ಅಲುಗಬೇಕು. ಹಾಳೆಯಲ್ಲಿ ಮೇಲಕ್ಕೆ ನಿಂತ ಕೆಂಪು ಬಾಣ ಎಡ-ಬಲಕ್ಕೆ ಅಲುಗೀತು, ಇಲ್ಲವೇ ಹಾಳೆಯಿಂದ ಹೊರಕ್ಕೆ-ಒಳಕ್ಕೆ. ಎರಡೇ ದಾರಿ. ಅಲುಗಿದ ಕೂಡಲೇ ಆ ಸೊನ್ನೆ ಕೆಡುತ್ತದೆ, ನೀಲಿಗೆ ಚಿಕ್ಕದೊಂದು ತಳ್ಳು ಸಿಗುತ್ತದೆ. ನೀಲಿ ಬಾಣವೂ ಅಡ್ಡ ಬಂದ ತಳ್ಳಿಗೆ ಮಾತ್ರ ಬಾಗುತ್ತದೆ, ಬಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ನೀಲಿ ಕೂಡ ಮೇಲೆ-ಕೆಳಗೇ ನಿಂತಿದ್ದರೆ ಎರಡೂ ತಳ್ಳು ಅಡ್ಡವೇ, ಎರಡರಿಂದಲೂ ಲಾಭ. ಎಡ-ಬಲಕ್ಕೆ ಮಲಗಿದ್ದರೆ ಒಂದು ತಳ್ಳು ಬಾಣದ ಉದ್ದಕ್ಕೇ ಬೀಳುತ್ತದೆ, ದಂಡ. ಲಾಭ ಒಂದೇ. ಆದ್ದರಿಂದ ಕೆಂಪು ನೀಲಿ ಎರಡೂ ಒಂದೇ ಗೆರೆಗೆ ಬರುತ್ತವೆ. ಪಟ್ಟೆಪಟ್ಟೆಯ ವಿನ್ಯಾಸ ಮೂಡುತ್ತದೆ.

ಗಣಿತ ಬಲ್ಲವರು ಪ್ರತಿ ಕೋನಕ್ಕೂ ಸ್ಪಿನ್ ಅಲೆಗಳ, ಅಂದರೆ ಬಾಣದಿಂದ ಬಾಣಕ್ಕೆ ಹಬ್ಬುವ ಅಲುಗಾಟದ ಅಲೆಗಳ, ಆವರ್ತನಗಳನ್ನು ಲೆಕ್ಕ ಹಾಕಲಿ. ಕ್ವಾಂಟಂ ನಿಯಮದಲ್ಲಿ ಸೊನ್ನೆ ಕೆಲ್ವಿನ್‌ನಲ್ಲೂ ಅಲುಗಾಟ ನಿಲ್ಲದು, ಆಗ ಆವರ್ತನಗಳ ಮೊತ್ತ ಕಡಿಮೆ ಇರುವ ಕೋನ ಗೆಲ್ಲುತ್ತದೆ. ಬರೀ ಶಾಖದ ಅಲುಗಾಟವಾದರೆ ಅವುಗಳ ಲಾಗರಿದಮ್ ಕೂಡಿಸಬೇಕು, ಅದು ಎಂಟ್ರೊಪಿಯ, ಅಂದರೆ ಅಲುಗಾಡಲು ಎಷ್ಟು ಅವಕಾಶ ಇದೆ ಎಂಬುದರ ಲೆಕ್ಕ. ಬಾಡಿಗೆ ಒಂದೇ ಇರುವ ಎರಡು ಮನೆಗಳಲ್ಲಿ ಕೈಕಾಲು ಚಾಚಲು ಜಾಗ ಇರುವುದನ್ನು ಹಿಡಿದ ಹಾಗೆ. ಈ ಚೌಕದ ಜಾಲರಿಯಲ್ಲಿ ಎರಡೂ ಲೆಕ್ಕ ಒಂದೇ ಉತ್ತರ ಕೊಡುತ್ತವೆ. ಎಲ್ಲ ಕಡೆಯೂ ಹಾಗೇ ಆಗಬೇಕೆಂದೇನಿಲ್ಲ.

ಪಟ್ಟೆಗಳು ಅಡ್ಡವೂ ಇರಬಹುದು, ಉದ್ದವೂ ಇರಬಹುದು. ಬಾಣಗಳು ಇನ್ನೂ ಪೂರ್ತಿ ಸಾಲುಗೂಡುವ ಮೊದಲೇ ಕಾಂತ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಲ್ಲದು ಎಂದು 1990ರಲ್ಲಿ ಚಂದ್ರ, ಕೋಲ್ಮನ್ ಮತ್ತು ಲಾರ್ಕಿನ್ ತೋರಿಸಿದರು. ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳು (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುಗಳು) ಬಂದ ಮೇಲೆ ಈ ಮಾತಿಗೆ ಮತ್ತೆ ಬೆಲೆ ಬಂತು.

ಈಗ ರಬ್ಬರ್ ತೆಗೆದುಕೊಂಡು ಒಂದು ಕೆಂಪು ಚುಕ್ಕೆ ಅಳಿಸಿಬಿಡಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ಅಕ್ಕಪಕ್ಕದ ನೀಲಿಗಳ ಸೊನ್ನೆ ಕೆಟ್ಟಿತು. ಈ ಸಲ ತಳ್ಳು ಬರುವುದು ಕೆಂಪು ಬಾಣದ ಗೆರೆಯಲ್ಲೇ. ಅದಕ್ಕೆ ಬಾಗಬೇಕಾದರೆ ನೀಲಿ ಅಡ್ಡಕ್ಕೆ ನಿಂತಿರಬೇಕು. ಹಾಗಾಗಿ ಖಾಲಿ ಜಾಗಗಳು 90 ಡಿಗ್ರಿ ಕೇಳುತ್ತವೆ, ಅಲುಗಾಟ ಒಂದೇ ಗೆರೆ ಕೇಳುತ್ತದೆ. ಅಮೆರಿಕದ ಕ್ರಿಸ್ಟೊಫರ್ ಹೆನ್ಲಿ 1989ರಲ್ಲಿ ಈ ಎದುರಾಟವನ್ನು ಬಿಡಿಸಿಟ್ಟರು.

ಕೊನೆಯ ಕೆಲಸ, ಅಲುಗಾಟ ತರುವ ಈ ಶಿಸ್ತನ್ನು ನಿಜವಾದ ಹರಳಿನಲ್ಲಿ ಹುಡುಕುವುದು. ಇದೇ ಕಷ್ಟ. ಬೇರೆ ಯಾವುದೋ ಚಿಕ್ಕ ಬಲ ಸದ್ದಿಲ್ಲದೆ ಕೋನ ನಿರ್ಧರಿಸಿರಬಹುದು. ಹೆಚ್ಚು ಹೆಸರು ಮಾಡಿರುವುದು ಎರ್ಬಿಯಂ ಟೈಟನೇಟ್. ಸುಮಾರು 1.2 ಕೆಲ್ವಿನ್‌ಗೆ ತಣಿದಾಗ ಇದರ ಸ್ಪಿನ್‌ಗಳು ಸಾಲುಗೂಡುತ್ತವೆ. ಸರಳ ಲೆಕ್ಕದ ಪ್ರಕಾರ ಅವು ಒಂದು ಸುತ್ತಿನಲ್ಲಿ ಎತ್ತ ತಿರುಗಿದರೂ ಶಕ್ತಿ ಒಂದೇ. ಅಲುಗಾಟ ಸೇರಿಸಿದರೆ ಕೆಲವೇ ದಿಕ್ಕು ಉಳಿಯುತ್ತವೆ, ತಿರುಗಿಸಲು ಚೂರು ಶಕ್ತಿ ಬೇಕಾಗುತ್ತದೆ. 2014ರಲ್ಲಿ ನ್ಯೂಟ್ರಾನ್ ಹಾಯಿಸಿ ಅಳೆದಾಗ ಆ ಶಕ್ತಿ ಸುಮಾರು 0.05 ಮಿಲಿ ಎಲೆಕ್ಟ್ರಾನ್ ವೋಲ್ಟ್ ಸಿಕ್ಕಿತು. ಆದರೂ ವಾದ ಮುಗಿದಿಲ್ಲ. ಎರ್ಬಿಯಂನ ಮೇಲಿನ ಶಕ್ತಿಮಟ್ಟಗಳ ಪ್ರಭಾವವೂ ಇದೇ ದಿಕ್ಕುಗಳನ್ನು ಆರಿಸಬಲ್ಲದು ಎನ್ನುವವರಿದ್ದಾರೆ. ಅಳೆದ ಅಂಕಿಯಲ್ಲಿ ಅಲುಗಾಟದ ಪಾಲೆಷ್ಟು, ಈ ಮಟ್ಟಗಳ ಪಾಲೆಷ್ಟು ಎಂಬುದೇ ಜಗಳ.