ಅಕಾಮಡೇಷನ್‌ನಲ್ಲಿ ಅಕ್ಕನ ಒತ್ತು, ಅಮ್ಮನ ಒತ್ತು

ಇಂಗ್ಲಿಷ್ ಸ್ಪೆಲ್ಲಿಂಗ್ ಗಟ್ಟಿ ಮಾಡಿಕೊಳ್ಳಲು ನಾನು ಬಳಸುವುದು ಎರಡು ಕಾಲಂ ಹಾಕಿದ ನೋಟ್‌ಬುಕ್. ಎಡಕ್ಕೆ ‘ಬಾಯಿಯ ಓದು’, ಅಂದರೆ ಪದವನ್ನು ನಿಜವಾಗಿ ನುಡಿಯುವ ರೀತಿ. ಬಲಕ್ಕೆ ‘ಕಣ್ಣಿನ ಓದು’, ಒಂದಕ್ಷರವನ್ನೂ ಬಿಡದೆ ಕನ್ನಡದಂತೆ ಓದುವುದು. ಎರಡೂ ಕನ್ನಡ ಲಿಪಿಯಲ್ಲೇ: ವೆನ್ಸ್‌ಡೇ – ವೆಡ್ನೆಸ್‌ಡೇ, ರಿಸೀಟ್ – ರೆಚೆಇಪ್ಟ್, ಸ್ಯಾಮನ್ – ಸಾಲ್ಮನ್.

ಬರೆದಂತೆಯೇ ಓದುವ ನಮ್ಮ ರೂಢಿ ಉಚ್ಚಾರಣೆ ಕೆಡಿಸುತ್ತದೆ, ನಿಜ. ಸ್ಪೆಲ್ಲಿಂಗ್‌ಗೆ ಮಾತ್ರ ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಅದರಲ್ಲೂ ಒತ್ತಕ್ಷರ. ಹಳಿ, ಹಳ್ಳಿ ನಮ್ಮ ಕಿವಿಗೆ ಬೇರೆಬೇರೆ. ಇಂಗ್ಲಿಷ್ ಪದದೊಳಗಿನ ಜೋಡಿ ಅಕ್ಷರ ಒಂದೇ ಆಗಿ ಕೇಳುತ್ತದೆ, ತಪ್ಪುವುದು ಅಲ್ಲೇ. ಅಕ್ಕೊಮ್ಮೊಡಾಷನ್ ಎಂದು ಬರೆದುಕೊಂಡರೆ ಎರಡು ಸಿ, ಎರಡು ಎಂ ಮರೆಯುವುದಿಲ್ಲ. ಕಮಿಟಿ ‘ಕೊಮ್ಮಿಟ್ಟೀ’ ಆಗುತ್ತದೆ. ನೆಸೆಸರಿಯಲ್ಲಿ ಸಿ ಒಂದು, ಎಸ್ ಎರಡು, ಕಿವಿಗೆ ಎಲ್ಲವೂ ಸ. ಹಾಗಾಗಿ ಸ ಎಂದು ಕೇಳುವ ಸಿಗೆ ಚ ಹಾಕುತ್ತೇನೆ: ನೆಚೆಸ್ಸರಿ. ಕ ಕೇಳಿದಲ್ಲಿ ಸಿಯೋ ಕೆಯೋ ತಿಳಿಯದು. ಕೆ ಇದ್ದರೆ ಅಡಿಗೆರೆ.

ದಿನಕ್ಕೆ 8 ಪದ ಸಾಕು. ಮೊದಲು ಎಡ ಕಾಲಂ ಗಟ್ಟಿಯಾಗಿ 3 ಸಲ. ಆಮೇಲೆ ಬಾಯಿ ಮುಚ್ಚಿ, ಬಲ ಕಾಲಂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಇಂಗ್ಲಿಷಿನಲ್ಲಿ ಬರೆಯುವುದು. ಕೊನೆಗೆ ಮತ್ತೆ ಎಡದ್ದು, ಗಟ್ಟಿಯಾಗಿ. ಬಲ ಕಾಲಂ ಬಾಯಿಬಿಟ್ಟು ಓದಿದರೆ ಅದೇ ನಾಲಿಗೆಗೆ ಹತ್ತಿ, ಮಾತಿನಲ್ಲಿ ‘ಡೆಟ್’ (ಸಾಲ) ಬದಲು ‘ಡೆಬ್ಟ್’ ಹೊರಬರುತ್ತದೆ. ಮರುದಿನ ಮತ್ತು ವಾರದ ಬಳಿಕ ಬಲಭಾಗ ಮುಚ್ಚಿ ಪರೀಕ್ಷೆ. ನೋಡಿಕೊಂಡು ಹತ್ತು ಸಲ ನಕಲು ಮಾಡುವುದರಿಂದ ಕೈ ನೋಯುತ್ತದೆ, ಅಷ್ಟೇ.

ಒತ್ತಿ ಹೇಳದೆ ಮಸುಕಾಗಿ ಕೇಳುವ ಸ್ವರಗಳಿಗೆ, ಕೇಳಿಸದ ಅಕ್ಷರಗಳಿಗೆ ಪದದ ನೆಂಟರನ್ನು, ಅಂದರೆ ಅದೇ ಮೂಲದ ಬೇರೆ ಪದಗಳನ್ನು, ಕರೆಯಬೇಕು. ಗ್ರಾಮರ್ ಕೊನೆಗೆ ಎಯೋ ಇಯೋ? ‘ಗ್ರಮ್ಯಾಟಿಕಲ್’ನಲ್ಲಿ ಎ ಸ್ಪಷ್ಟ. ಕಾಂಪಿಟಿಷನ್‌ನ ಇ ‘ಕಂಪೀಟ್’ನಲ್ಲಿ, ಸೈನ್‌ನ ಜಿ ‘ಸಿಗ್ನೇಚರ್’ನಲ್ಲಿ, ಡೆಟ್‌ನ ಬಿ ‘ಡೆಬಿಟ್’ನಲ್ಲಿ. ಆ ಬಿ ನುಡಿದು ಸವೆದದ್ದಲ್ಲ. ಫ್ರೆಂಚ್‌ನಿಂದ ಬಿ ಇಲ್ಲದೆ ಬಂದ ಪದಕ್ಕೆ ಲ್ಯಾಟಿನ್ ‘ಡೆಬಿಟುಮ್’ ನೆನೆದು ಪಂಡಿತರು ಸೇರಿಸಿದ್ದು. ಐಲಂಡ್‌ನ ಎಸ್ ಕೂಡ ಲ್ಯಾಟಿನ್ ‘ಇನ್ಸುಲ’ದ ನೆನಪಿನಲ್ಲಿ ನುಸುಳಿದ್ದು, ಆ ಇಂಗ್ಲಿಷ್ ಪದಕ್ಕೂ ಈ ಲ್ಯಾಟಿನ್ ಪದಕ್ಕೂ ನಂಟೇ ಇಲ್ಲದಿದ್ದರೂ.

ನೆಂಟರೂ ಕೈಕೊಡುವುದುಂಟು. ಪ್ರೊನೌನ್ಸ್‌ನಲ್ಲಿ ‘ನೌನ್’ ಇದೆ; ಪ್ರೊನನ್ಸಿಯೇಷನ್‌ನಲ್ಲಿ ಯುಗೆ ಮೊದಲಿನ ಓ ಬಿದ್ದುಹೋಗಿ ‘ನನ್’ ಮಾತ್ರ. ಮೇಂಟೇನ್‌ನ ಎರಡನೇ ಎಐ ಮೇಂಟೆನೆನ್ಸ್‌ನ ನಡುವೆ ಬರಿ ಇ. ಇಂಥವನ್ನು ಕೆಂಪು ಶಾಯಿಯಲ್ಲಿ ಬೇರೆ ಪುಟಕ್ಕೆ ಬರೆದಿಡುತ್ತೇನೆ.