ಮೀನ್ಮೊಗದ ಮುಖವಾಡ: ಕರಾವಳಿ ಹವೆಯಲ್ಲಿ ಮಣ್ಣು, ಪಿಒಪಿ, ಲ್ಯಾಟೆಕ್ಸ್

ಲ್ಯಾಟೆಕ್ಸ್ ಅಂದರೆ ರಬ್ಬರ್ ಹಾಲು. ಮೊದಲು ಮಣ್ಣಿನಲ್ಲಿ ಮೂರ್ತಿ, ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚು, ಆ ಅಚ್ಚಿನೊಳಗೆ ಲ್ಯಾಟೆಕ್ಸ್ ಎರಕ: ಈ ಮುಖವಾಡದ ಕೆಲಸವೆಲ್ಲ ನೀರಿನ ಲೆಕ್ಕದ ಮೇಲೆ ನಿಂತಿದೆ. ಮಣ್ಣಿನಲ್ಲಿ ನೀರು ಉಳಿಯಬೇಕು, ಅಚ್ಚಿನಿಂದ ನೀರು ಹೋಗಬೇಕು, ಕೊನೆಗೆ ಆ ಒಣ ಅಚ್ಚು ಲ್ಯಾಟೆಕ್ಸಿನ ನೀರನ್ನು ಹೀರಿಕೊಳ್ಳಬೇಕು. ವಿಡಿಯೊಗಳಲ್ಲಿ ಹೇಳುವ ‘ರಾತ್ರಿ ಒಣಗಲು ಬಿಡಿ, ಬೆಳಿಗ್ಗೆ ತೆಗೆಯಿರಿ’ ಎಂಬ ಮಾತು ಒಣ ಹವೆಯ ಊರಿನವರದು. ಕಾರವಾರದ ಜುಲೈ ತಿಂಗಳಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪಿಒಪಿ ಅಚ್ಚಿನ ಮಾತೆಲ್ಲಿ ಬಂತು? ಅದಕ್ಕೇ ಮಳೆಗಾಲವನ್ನು ಮಣ್ಣಿನ ಕೆಲಸಕ್ಕೆ ಇಟ್ಟುಕೊಂಡು, ದೀಪಾವಳಿ ಕಳೆದ ಮೇಲೆ ಅಚ್ಚು ಮತ್ತು ಎರಕಕ್ಕೆ ಕೈಹಾಕುತ್ತೇನೆ. ಶಿರಸಿ, ಸಿದ್ದಾಪುರದ ಕಡೆಯವರಿಗೂ ಇದೇ ಕ್ರಮ ಸರಿ.

ಇಲ್ಲಿ ಹೇಳುತ್ತಿರುವುದು ಇಡೀ ತಲೆಗೆ ಹಾಕಿಕೊಳ್ಳುವ, ಕುತ್ತಿಗೆಯವರೆಗೆ ಇಳಿಯುವ ಕಡಲ ಜೀವಿಯ ಮುಖವಾಡ. ಮಾದರಿ ಮುರು ಮೀನು (ಗ್ರೂಪರ್). ಕಾರವಾರದ ಬೈತಕೋಲ ಬಂದರಿಗೆ ದೊಡ್ಡ ಮುರು ಬಂದಾಗ ಹತ್ತಿರ ಹೋಗಿ ಬಾಯಿ ನೋಡಿ. ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಮೇಲ್ದವಡೆಯ ಅಂಚಿನಲ್ಲಿ ಒಂದು ಅಗಲ ಎಲುಬಿನ ಪಟ್ಟಿ ಇದ್ದು, ಬಾಯಿ ಮುಚ್ಚಿದಾಗ ಅದು ಕೆನ್ನೆಯ ಮೇಲೆ ಮಡಚಿ ಕೂರುತ್ತದೆ. ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಮೂರು ಚಪ್ಪಟೆ ಮುಳ್ಳು. ದವಡೆ, ಪಟ್ಟಿ, ಮುಳ್ಳು ಈ ಮೂರನ್ನು ಸರಿಯಾಗಿ ಹಿಡಿದರೆ ಉಳಿದದ್ದು ಎಷ್ಟು ಕಾಲ್ಪನಿಕವಾದರೂ ನೋಡುವವರು ನಂಬುತ್ತಾರೆ.

ಮೊದಲು ಅಳತೆ. ಬಟ್ಟೆ ಅಂಗಡಿಯ ಗೊಂಬೆತಲೆ ಒಳಗಿನ ಆಧಾರಕ್ಕೆ ಸಾಕು, ಅಳತೆಗೆ ಮಾತ್ರ ಅದನ್ನು ನಂಬಬೇಡಿ, ಮನುಷ್ಯರ ತಲೆಗಿಂತ ಸಾಮಾನ್ಯವಾಗಿ ಸಣ್ಣದಿರುತ್ತದೆ. ಅದನ್ನು 18 ಮಿ.ಮೀ. ಪ್ಲೈವುಡ್ ಹಲಗೆಗೆ ಪೈಪು ಕೂರಿಸಿ ಅಲ್ಲಾಡದಂತೆ ನಿಲ್ಲಿಸಿ. ಮುಖವಾಡ ಒಣಗುವಾಗ ಶೇಕಡಾ 5ರಿಂದ 10ರಷ್ಟು ಕುಗ್ಗುತ್ತದೆ, ಜೊತೆಗೆ ಲ್ಯಾಟೆಕ್ಸ್ ಅಚ್ಚಿನಿಂದ ಒಳಮುಖವಾಗಿ ದಪ್ಪವಾಗುವುದರಿಂದ ಒಳಗಿನ ಜಾಗವೂ ಕಡಿಮೆಯಾಗುತ್ತದೆ. ಹಾಕಿಕೊಳ್ಳುವವರ ಹಣೆಯ ಸುತ್ತಳತೆ 57 ಸೆಂ.ಮೀ. ಎಂದುಕೊಳ್ಳಿ. ಮಣ್ಣಿನ ಮೂರ್ತಿ ಅದೇ ಜಾಗದಲ್ಲಿ 65 ಸೆಂ.ಮೀ. ಇರಲಿ. ಶೇಕಡಾ 7 ಕುಗ್ಗಿದರೆ 60 ಉಳಿಯುತ್ತದೆ, 3 ಮಿ.ಮೀ. ದಪ್ಪದ ಗೋಡೆ ಸುಮಾರು 2 ಸೆಂ.ಮೀ. ತಿನ್ನುತ್ತದೆ, ಒಳಸುತ್ತು 58 ಸಿಕ್ಕಿತು. ಇದಕ್ಕಿಂತ ಸಣ್ಣದು ಮಾಡಿದರೆ ತಲೆಗೆ ಇಳಿಯುವುದಿಲ್ಲ, ಎಳೆದರೆ ಹಣೆಯ ಸುಕ್ಕುಗಳೆಲ್ಲ ಚಪ್ಪಟೆಯಾಗುತ್ತವೆ. ಮೀನಿನ ಕಣ್ಣು ಪಕ್ಕಕ್ಕೆ ಇರುವುದರಿಂದ ಹಾಕಿಕೊಂಡವರು ಅದರಿಂದ ನೋಡಲಾರರು. ಅವರ ಎರಡು ಕಣ್ಣುಗುಡ್ಡೆಗಳ ನಡುವಿನ ದೂರ ಅಳೆದು, ಅದಕ್ಕೆ 4 ಮಿ.ಮೀ. ಸೇರಿಸಿ, ಮೂಗಿನ ಹೊಳ್ಳೆಯ ಪಕ್ಕದ ಕಪ್ಪು ಮಡಿಕೆಯಲ್ಲಿ ನೋಟದ ತೂತಿಗೆ ಜಾಗ ಬಿಡಿ. ಒಳಗಿನಿಂದ ಕಪ್ಪು ಬಲೆಬಟ್ಟೆ ಅಂಟಿಸಿದರೆ ಹೊರಗಿನವರಿಗೆ ಏನೂ ಕಾಣದು.

ಮಣ್ಣಿಗೆ ದೂರ ಹೋಗಬೇಕಿಲ್ಲ. ಚೌತಿಯ ಮುಂಚೆ ಗಣಪತಿ ಮಾಡುವವರ ಹತ್ತಿರ ಹದವಾದ ಜೇಡಿಮಣ್ಣು ಇರುತ್ತದೆ, 15 ಕಿಲೋ ಸಾಕು. ಹತ್ತಿ, ನಾರು ಬೆರೆಸದ ಮಣ್ಣನ್ನೇ ಕೇಳಿ. ನಾರು ಮೂರ್ತಿಗೆ ಬಲ ಕೊಡುತ್ತದೆ, ನಮಗೆ ಗೀರು ಎಳೆಯುವಾಗ ಕಡ್ಡಿಗೆ ಸಿಕ್ಕಿ ಮೇಲ್ಮೈ ಹರಿಯುತ್ತದೆ. ಕಿಲೋಗೆ 20 ಮಿ.ಲೀ. ಗ್ಲಿಸರಿನ್ ನಾದಿಕೊಂಡರೆ ಒಣಗುವುದು ನಿಧಾನವಾಗುತ್ತದೆ. ಮಣ್ಣು ಒಣಗಿದರೆ ಕುಗ್ಗುತ್ತದೆ, ಒಳಗಿನ ಗಟ್ಟಿ ತಲೆ ಕುಗ್ಗುವುದಿಲ್ಲ, ಅದಕ್ಕೇ ಹಣೆಯ ಮೇಲೆ ಬಿರುಕು ಬರುವುದು. ಕೆಲಸ ನಿಲ್ಲಿಸಿದಾಗಲೆಲ್ಲ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್. ನೀರಿನ ಬದಲು ಎಣ್ಣೆ, ಮೇಣ ಬೆರೆಸಿದ ಎಣ್ಣೆಮಣ್ಣು ತರಿಸಿಕೊಳ್ಳುವವರಿಗೆ ಈ ತಾಪತ್ರಯವಿಲ್ಲ. ಆದರೆ ಗಂಧಕ ಬೆರೆತ ಎಣ್ಣೆಮಣ್ಣಾದರೆ ಮುಂದೆ ಪ್ಲಾಟಿನಂ ಸಿಲಿಕೋನ್ ಅಚ್ಚು ತೆಗೆಯಲು ಬರುವುದಿಲ್ಲ, ಸಿಲಿಕೋನ್ ಅಂಟಂಟಾಗಿಯೇ ಉಳಿಯುತ್ತದೆ. ಪಿಒಪಿಗೆ ಅದರಿಂದ ತೊಂದರೆಯಿಲ್ಲ.

ದೊಡ್ಡ ಆಕಾರ ಮುಗಿಯುವವರೆಗೆ ಚರ್ಮದ ವಿವರಕ್ಕೆ ಇಳಿಯಬಾರದು. ಕೋಣೆಯ ದೀಪ ಆರಿಸಿ, ಪಕ್ಕದಿಂದ ಒಂದೇ ಬಲ್ಬು ಹಾಕಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಎಡಬಲ ತಿರುಗಿಸಿದರೆ ಸೊಟ್ಟ ಎಲ್ಲಿದೆ ಎಂಬುದು ತಕ್ಷಣ ಕಾಣುತ್ತದೆ. ರಂಗಕ್ಕೋ ಕ್ಯಾಮೆರಾಕ್ಕೋ ಎಂಬುದನ್ನೂ ಈ ಹಂತದಲ್ಲೇ ತೀರ್ಮಾನಿಸಿ. ಯಕ್ಷಗಾನದ ಬಣ್ಣದ ವೇಷದವರು ಮುಖದ ಮೇಲಿನ ಉಬ್ಬು ಅಲಂಕಾರವಾದ ಅಕ್ಕಿಹಿಟ್ಟಿನ ಚುಟ್ಟಿಯನ್ನು ಅಷ್ಟು ಎತ್ತರಕ್ಕೆ ಇಡುವುದು ಕೊನೆಯ ಸಾಲಿನವರಿಗೂ ಮುಖ ಕಾಣಲೆಂದೇ. ಅದೇ ಎತ್ತರ ಕ್ಯಾಮೆರಾದ ಮುಂದೆ ಒರಟಾಗುತ್ತದೆ.

ಚರ್ಮಕ್ಕೆ ನನಗೆ ಬಲು ಇಷ್ಟವಾದ ಉಪಾಯ ಎಳೆ ಹಲಸಿನಕಾಯಿ. ತೊಟ್ಟಿನ ಮೇಣ ಒರೆಸಿ, ಅಂಗೈ ಅಗಲದ ಜಾಗಕ್ಕೆ ಲ್ಯಾಟೆಕ್ಸ್ ಬಳಿದು, ಒಣಗಿದ ಮೇಲೆ ಮತ್ತೆ ಬಳಿದು, ನಾಲ್ಕು ಪದರವಾದಾಗ ಟಾಲ್ಕಂ ಪೌಡರ್ ಉದುರಿಸಿ ಸುಲಿದುಕೊಳ್ಳಿ. ಈ ತುಂಡಿನಲ್ಲಿ ಮುಳ್ಳುಗಳಿದ್ದ ಕಡೆ ಗುಂಡಿಗಳಿರುತ್ತವೆ. ಅದನ್ನು ಮಣ್ಣಿಗೆ ಒತ್ತಿದರೆ ಮುಳ್ಳುಮುಳ್ಳಾದ ಚರ್ಮ ಏಳುತ್ತದೆ. ಸಾಲಾಗಿ ಮೊಹರು ಒತ್ತಿದಂತೆ ಕಾಣಬಾರದು, ಪ್ರತಿ ಸಲ ತುಂಡನ್ನು ಸ್ವಲ್ಪ ತಿರುಗಿಸಿ, ಅಂಚುಗಳನ್ನು ಒದ್ದೆ ಬ್ರಶ್ಶಿನಿಂದ ಕರಗಿಸಿ. ಬಾಯಿಯ ಸುತ್ತಲಿನ ಸುಕ್ಕಿಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ಮಣ್ಣಿನ ಮೇಲೆ ಹಾಸಿ, ಅದರ ಮೇಲಿನಿಂದ ಕಡ್ಡಿ ಎಳೆದರೆ ಗೀರಿನ ಎರಡೂ ಅಂಚು ತಾನಾಗಿ ಮೃದುವಾಗುತ್ತದೆ. ಸುಕ್ಕು ಅರ್ಧ ಮಿ.ಮೀ.ಗಿಂತ ಕಡಿಮೆ ಆಳವಿದ್ದರೆ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ.

ಇನ್ನು ಅಚ್ಚು. ಎರಡು ಭಾಗ: ಮುಂದೆ, ಹಿಂದೆ. ಕೂಡುಗೆರೆ ನೆತ್ತಿಯ ಮೇಲೆ ಹಾದು ಕಿವಿರಿನ ಮುಚ್ಚಳದ ಹಿಂದೆ ಇಳಿದು ಭುಜಕ್ಕೆ ಬರಲಿ, ಮುಳ್ಳುಗಳ ತುದಿಯ ಮೇಲೆ ಹಾಯದಿರಲಿ. ಆ ಗೆರೆಯ ಮೇಲೆ 5 ಸೆಂ.ಮೀ. ಅಗಲದ ಮಣ್ಣಿನ ಗೋಡೆ ಕಟ್ಟಿ. ಎರಡು ಭಾಗಗಳು ಜಾರದೆ ಕೂರಲು ಗೋಡೆಯಲ್ಲಿ ನಾಲ್ಕೈದು ಕಡೆ ಲಿಂಬೆಹಣ್ಣಿನ ಅರ್ಧದಷ್ಟು ಗುಳಿ ತೆಗೆಯಿರಿ. ಗೋಡೆ ಮೂರ್ತಿಗೆ ತಾಗುವ ಜಾಗ ಲಂಬಕೋನದಲ್ಲಿ, ಸ್ವಚ್ಛವಾಗಿ ಇರಬೇಕು. ಅಲ್ಲಿ ಬಿಟ್ಟ ಒಂದೊಂದು ಸಂದೂ ಕೊನೆಗೆ ಮುಖವಾಡದ ಮೇಲೆ ಏಣಾಗಿ ನಿಲ್ಲುತ್ತದೆ.

ಇಡೀ ಅಚ್ಚಿಗೆ 20 ಕಿಲೋ ಪಿಒಪಿ ಹಿಡಿಯುತ್ತದೆ. ಹೊಸ ಚೀಲವನ್ನೇ ತನ್ನಿ. ನಮ್ಮ ಹವೆಯಲ್ಲಿ ಬಾಯಿ ತೆರೆದಿಟ್ಟ ಚೀಲ ತೇವ ಹೀರಿ ಗಂಟುಕಟ್ಟುತ್ತದೆ, ಅದರ ಅಚ್ಚಿಗೆ ಬಲವಿಲ್ಲ. ಕಲಸುವ ನೀರಿನ ಬಗ್ಗೆಯೂ ಎಚ್ಚರ ಬೇಕು. ಕಡಲಂಚಿನ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಉಪ್ಪುನೀರಿಗೆ ಪಿಒಪಿ ಬೇಗ ಗಟ್ಟಿಯಾಗಿಬಿಡುತ್ತದೆ, ಒಣಗಿದ ಮೇಲೆ ಅಚ್ಚಿನ ಮುಖದಲ್ಲಿ ಬಿಳಿ ಉಪ್ಪು ಅರಳುತ್ತದೆ. ಕುಡಿಯುವ ಸಿಹಿನೀರು ಬಳಸಿ.

ತೂಕದಲ್ಲಿ 100 ಭಾಗ ಪಿಒಪಿಗೆ 70 ಭಾಗ ನೀರು. ಒಮ್ಮೆಗೆ 2 ಕಿಲೋ ಪಿಒಪಿ, 1.4 ಲೀಟರ್ ನೀರು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಹೊಯ್ಯಬಾರದು. ಎರಡು ನಿಮಿಷ ನೆನೆಯಲು ಬಿಟ್ಟು, ಕೈಯನ್ನು ಮುಳುಗಿಸಿಟ್ಟೇ ಕಲಸಿ, ಗಾಳಿ ಸೇರಿಸಬೇಡಿ. ನೀರು ಕಡಿಮೆ ಮಾಡಿದರೆ ಅಚ್ಚು ಗಟ್ಟಿ ಬರುತ್ತದೆ ನಿಜ, ಆದರೆ ರಂಧ್ರಗಳು ಕಡಿಮೆಯಾಗಿ ಲ್ಯಾಟೆಕ್ಸಿನ ನೀರು ಹೀರುವುದಿಲ್ಲ. ಬಕೆಟ್ಟಿನಲ್ಲಿ ಹಳೆಯ ಗಟ್ಟಿ ಪಿಒಪಿ ಅಂಟಿಕೊಂಡಿದ್ದರೆ ಹೊಸದು ಕೈಮೀರಿ ಬೇಗ ಗಟ್ಟಿಯಾಗುತ್ತದೆ, ಪ್ರತಿ ಸಲ ತೊಳೆದುಕೊಳ್ಳಿ. ತೊಳೆದ ನೀರು ತೋಟದ ಗುಂಡಿಗೆ ಹೋಗಲಿ, ಬಚ್ಚಲಿಗೆ ಚೆಲ್ಲಿದರೆ ಪೈಪು ಕಟ್ಟುತ್ತದೆ.

ಮೊದಲ ಪದರ ತೆಳು ಗಂಜಿಯ ಹದದಲ್ಲಿ, ಮೆತ್ತನೆ ಬ್ರಶ್ಶಿನಿಂದ, ಪ್ರತಿ ಸುಕ್ಕಿನೊಳಗೂ ಹೋಗುವಂತೆ ಬಳಿದು, ಬಾಯಿಂದ ಊದಿ ಗುಳ್ಳೆ ಓಡಿಸಿ. ಇಲ್ಲಿ ಉಳಿದ ಗುಳ್ಳೆ ಮುಖವಾಡದ ಮೇಲೆ ನರೂಲಿಯಾಗಿ ಬರುತ್ತದೆ. ಎರಡನೆಯದು ದಪ್ಪ, 1 ಸೆಂ.ಮೀ. ಆಮೇಲೆ ಗೋಣಿಚೀಲವನ್ನು ಅಂಗೈಯಗಲದ ಪಟ್ಟಿಗಳಾಗಿ ಕತ್ತರಿಸಿ, ಪಿಒಪಿಯಲ್ಲಿ ಅದ್ದಿ, ಅಡ್ಡ-ಉದ್ದ ಎರಡು ಪದರ ಹಾಕಿ. ಒಟ್ಟು ದಪ್ಪ 3 ಸೆಂ.ಮೀ., ಅಂಚಿನಲ್ಲಿ 4. ಅರ್ಧ ಅಚ್ಚು ಬಿಸಿಯಾಗಿ ತಣಿದ ಮೇಲೆ ಮಣ್ಣಿನ ಗೋಡೆ ಕಿತ್ತು, ಪಿಒಪಿಯ ಅಂಚಿಗೆ ವ್ಯಾಸಲಿನ್ ತೆಳುವಾಗಿ ಸವರಿ ಇನ್ನರ್ಧ ಮಾಡಿ. ವ್ಯಾಸಲಿನ್ ಅಂಚಿಗೆ ಮಾತ್ರ. ಅಚ್ಚಿನ ಒಳಮುಖಕ್ಕೆ ತಾಗಿದರೆ ಆ ಜಾಗ ನೀರು ಹೀರದೆ ಲ್ಯಾಟೆಕ್ಸ್ ತೆಳುವಾಗಿ, ಮುಖವಾಡ ಅಲ್ಲಿಂದಲೇ ಹರಿದುಹೋಗುತ್ತದೆ. ಸಂದಿನಲ್ಲಿ ಮೂರು ಕಡೆ ಮರದ ಬೆಣೆ ಹೊಡೆಯಲು ಜಾಗ ಬಿಟ್ಟಿರಿ. ಮಾರನೆಯ ದಿನ ಬೆಣೆಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ತಟ್ಟಿದರೆ ಅಚ್ಚು ಬಿಡುತ್ತದೆ. ಮಣ್ಣನ್ನು ಮರದ ಕಡ್ಡಿಯಿಂದ ತೆಗೆದು, ಬರಿ ನೀರು ಮತ್ತು ಬ್ರಶ್ಶಿನಿಂದ ತೊಳೆಯಿರಿ, ಸೋಪು ಬೇಡ.

ಈಗ ತಾಳ್ಮೆಯ ಭಾಗ. 20 ಕಿಲೋ ಪಿಒಪಿಗೆ ನಾವು ಹಾಕಿದ್ದು 14 ಲೀಟರ್ ನೀರು. ಪಿಒಪಿ ತನ್ನೊಳಗೆ ಕಟ್ಟಿಹಾಕಿಕೊಳ್ಳುವುದು ತೂಕದ ಶೇಕಡಾ 18.6ರಷ್ಟು, ಅಂದರೆ 3.7 ಲೀಟರ್. ಉಳಿದ 10 ಲೀಟರ್ ಹೊರಗೆ ಹೋಗಲೇಬೇಕು, ಆ ನೀರಿದ್ದ ಜಾಗವೇ ಲ್ಯಾಟೆಕ್ಸಿನ ನೀರು ಕುಡಿಯುವ ರಂಧ್ರಗಳು. ಮುಟ್ಟಿ ನೋಡಿ ‘ಒಣಗಿದೆ’ ಅನ್ನುವುದರಲ್ಲಿ ಅರ್ಥವಿಲ್ಲ. ಅಚ್ಚನ್ನು ತಕ್ಕಡಿಗೆ ಇಟ್ಟು ತೂಕ ಬರೆದಿಡಿ. ಮೂರು ದಿನ ತೂಕ ಬದಲಾಗದಿದ್ದರೆ ಒಣಗಿತು ಎಂದರ್ಥ. ಡಿಸೆಂಬರ್, ಜನವರಿಯ ಮೂಡಗಾಳಿಗೆ ಫ್ಯಾನು ಸೇರಿದರೆ ಎರಡು ವಾರ ಹಿಡಿಯುತ್ತದೆ. ಎರಡೂ ಭಾಗ ಜೋಡಿಸಿ ಕಟ್ಟಿಯೇ ಒಣಗಿಸಿ, ಬಿಡಿಬಿಡಿಯಾಗಿಟ್ಟರೆ ಬಾಗಿ, ಮತ್ತೆ ಕೂಡುವುದಿಲ್ಲ. ಅವಸರಕ್ಕೆ ಬಚ್ಚಲೊಲೆಯ ಮೇಲೆ ಏರಿಸಬೇಡಿ. 50 ಡಿಗ್ರಿ ದಾಟಿದರೆ ಕಟ್ಟಿದ ನೀರನ್ನೂ ಬಿಡಲು ತೊಡಗಿ ಅಚ್ಚಿನ ಮುಖ ಹಿಟ್ಟುಹಿಟ್ಟಾಗುತ್ತದೆ.

ಲ್ಯಾಟೆಕ್ಸ್ ಕೊಳ್ಳುವಾಗ ‘ಪ್ರೀ-ವಲ್ಕನೈಸ್ಡ್’ (ಗಂಧಕ ಬೆರೆಸಿ ಮೊದಲೇ ಹದ ಮಾಡಿದ್ದು) ಎಂದೇ ಕೇಳಿ, ಘನಾಂಶ ಶೇಕಡಾ 60ರ ಸುಮಾರು ಇರಲಿ. ರಬ್ಬರ್ ತೋಟದ ಹಸಿ ಹಾಲು ಪುಕ್ಕಟೆ ಸಿಕ್ಕರೂ ಬೇಡ. ಅದು ತೆಳು, ಒಣಗಿದ ಮೇಲೂ ಅಂಟು ಬಿಡದು, ಬೇಗ ಕೆಡುತ್ತದೆ. ಲ್ಯಾಟೆಕ್ಸಿನಲ್ಲಿ ಅಮೋನಿಯಾ ಇರುವುದರಿಂದ ಜಗಲಿಯಲ್ಲಿ, ಗಾಳಿಯಾಡುವಲ್ಲಿ ಕೆಲಸ ಮಾಡಿ. ಕೆಲವರಿಗೆ ಲ್ಯಾಟೆಕ್ಸ್ ಆಗಿಬರುವುದಿಲ್ಲ, ಒಣಗಿದ ತುಂಡನ್ನು ಮೊಣಕೈ ಒಳಗೆ ಕಟ್ಟಿ ನೋಡಿ, ತುರಿಕೆ ಬಂದರೆ ಇದರ ಸಹವಾಸವೇ ಬೇಡ. ದಪ್ಪವಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೆಲವು ಹನಿ ಅಮೋನಿಯಾ ಸೇರಿಸಿ ಬೆರೆಸಿ. ಗಡಸು ನೀರು, ಹುಳಿ ಯಾವುದು ತಾಗಿದರೂ ಹಾಲು ಒಡೆದು ಗಂಟಾಗುತ್ತದೆ.

ಅಚ್ಚನ್ನು ಸೈಕಲ್ ಟ್ಯೂಬಿನಿಂದ ಬಿಗಿದು, ಸಂದಿಗೆ ಹೊರಗಿನಿಂದ ಮಣ್ಣು ಮೆತ್ತಿ, ಕುತ್ತಿಗೆ ಮೇಲಾಗಿ ಮರಳಿನ ಬುಟ್ಟಿಯಲ್ಲಿ ನಿಲ್ಲಿಸಿ. ಮುಳ್ಳು, ತುಟಿಯ ತುದಿಗಳಲ್ಲಿ ಗಾಳಿ ಸಿಕ್ಕಿಬೀಳುತ್ತದೆ, ಅಲ್ಲಿಗೆ ಮುಂಚೆಯೇ ಬ್ರಶ್ಶಿನಿಂದ ಲ್ಯಾಟೆಕ್ಸ್ ಮುಟ್ಟಿಸಿ. ಅಚ್ಚು ತುಂಬಲು 8–9 ಲೀಟರ್ ಬೇಕು. ಮುಖವಾಡಕ್ಕೆ ಹೋಗುವುದು ಒಂದೂವರೆ ಲೀಟರಿನಷ್ಟೇ, ಉಳಿದದ್ದು ಡಬ್ಬಿಗೆ ವಾಪಸು. ಅಷ್ಟು ಕೊಳ್ಳಲಾಗದಿದ್ದರೆ 3 ಲೀಟರ್ ಹೊಯ್ದು, ಅಚ್ಚನ್ನು ಹೊರಳಿಸುತ್ತ ಎಲ್ಲ ಕಡೆ ಹರಿಸಬಹುದು, ಇದಕ್ಕೆ ಇನ್ನೊಬ್ಬರ ಕೈ ಬೇಕು. ತುಂಬಿಸಿದ ಮೇಲೆ ಮಟ್ಟ ಇಳಿಯುತ್ತದೆ, ಆಗಾಗ ಸೇರಿಸುತ್ತಿರಿ. ಒಂದು ಗಂಟೆಯ ನಂತರ ಕುತ್ತಿಗೆಯ ಅಂಚಿನಲ್ಲಿ ಉಗುರಿನಿಂದ ಕೆರೆದು ದಪ್ಪ ನೋಡಿ, 3 ಮಿ.ಮೀ. ಆದರೆ ಬಗ್ಗಿಸಿ ಸುರಿದು, ಅಚ್ಚನ್ನು ಕುತ್ತಿಗೆ ಕೆಳಗಾಗಿ ಎರಡು ಕೋಲಿನ ಮೇಲೆ ಇಡಿ. ಸುರಿದದ್ದನ್ನು ಬಟ್ಟೆಯಲ್ಲಿ ಸೋಸಿ, ಕೆನೆ ತೆಗೆದು ಮುಚ್ಚಿಡಿ.

ಒಳಗೆ ಫ್ಯಾನಿನ ಗಾಳಿ ಹೊಡೆಯುವಂತೆ ಎರಡು ದಿನ ಬಿಡಿ. ಬಿಳಿ ಹೋಗಿ ಜೇನಿನ ಬಣ್ಣ ಬಂದರೆ ಒಣಗಿದೆ. ಗದ್ದದ ಗುಳಿಯಲ್ಲಿ ಬಿಳಿ ಉಳಿದಿದ್ದರೆ ಇನ್ನೂ ಕಾಯಬೇಕು, ಹಸಿಯಾಗಿ ಎಳೆದರೆ ಹಿಗ್ಗಿದ ಆಕಾರ ಮತ್ತೆ ಸರಿಹೋಗುವುದಿಲ್ಲ. ಬಿಡಿಸುವಾಗ ಒಳಗೆಲ್ಲ ಟಾಲ್ಕಂ, ಸುಲಿಯುತ್ತ ಹೋದಂತೆ ಹೊರಮೈಗೂ. ಪೌಡರಿಲ್ಲದೆ ಲ್ಯಾಟೆಕ್ಸಿಗೆ ಲ್ಯಾಟೆಕ್ಸ್ ತಾಗಿದರೆ ಅಂಟಿಕೊಂಡಿತೆಂದೇ ಲೆಕ್ಕ. ಅಕ್ಕಿಹಿಟ್ಟು ಹಾಕುವವರಿದ್ದಾರೆ, ಅದಕ್ಕೆ ನಮ್ಮ ಕಡೆ ಬೂಷ್ಟು ಹಿಡಿಯುತ್ತದೆ. ಬಿಡಿಸಿದ ಮುಖವಾಡಕ್ಕೆ ಕಾಗದ ತುಂಬಿ ಒಂದು ವಾರ ಕೂರಿಸಿದ ಮೇಲೆಯೇ ಕತ್ತರಿ. ತೂತುಗಳ ಮೂಲೆ ದುಂಡಗಿರಲಿ, ಚೂಪು ಮೂಲೆಯಿಂದ ಹರಿಯುವುದು ಶುರುವಾಗುತ್ತದೆ. ಬಾಯಿ ಮತ್ತು ಹೊಳ್ಳೆ ಪೂರ್ತಿ ತೆರೆದಿರಲಿ, ಒಳಗೆ ವಿಪರೀತ ಸೆಕೆ. ತೂತುಗಳ ಒಳಸುತ್ತಿಗೆ ಸೊಳ್ಳೆಪರದೆ ಬಟ್ಟೆಯ ಪಟ್ಟಿಯನ್ನು ಲ್ಯಾಟೆಕ್ಸಿನಲ್ಲಿ ಅಂಟಿಸಿ.

ಬರಿ ಅಕ್ರಿಲಿಕ್ ಬಳಿದರೆ ಬಗ್ಗಿಸಿದಾಗ ಬಿರಿಯುತ್ತದೆ. ಅಕ್ರಿಲಿಕ್ಕಿಗೆ ಅಷ್ಟೇ ಲ್ಯಾಟೆಕ್ಸ್ ಬೆರೆಸಿ, ತೆಳುವಾಗಿ, ಪದರಪದರವಾಗಿ ಹಚ್ಚಿ. ಹಸಿಯಾಗಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಒಂದು ಪಟ್ಟು ಗಾಢವಾಗುತ್ತದೆ, ಮೊದಲು ತುಂಡಿನ ಮೇಲೆ ಪರೀಕ್ಷಿಸಿ. ಹೊಳಪಿಗೆಂದು ಗಣಪತಿಯ ಕಿರೀಟಕ್ಕೆ ಹಚ್ಚುವ ಚಿನ್ನದ ಪುಡಿ ಮುಟ್ಟಬೇಡಿ. ಅದರಲ್ಲಿರುವುದು ತಾಮ್ರ, ತಾಮ್ರ ತಾಗಿದ ರಬ್ಬರ್ ಕೆಲವೇ ತಿಂಗಳಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ಅಭ್ರಕದ ಪುಡಿ ಬಳಸಿ. ಇದೇ ಕಾರಣಕ್ಕೆ ಲ್ಯಾಟೆಕ್ಸ್ ಕಲಸಲು ತಾಮ್ರ, ಹಿತ್ತಾಳೆಯ ಪಾತ್ರೆಯೂ ಬೇಡ.

ಹಾಕಿಕೊಳ್ಳುವವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವುದು ನಮ್ಮ ಜಿಲ್ಲೆಯ ದೊಡ್ಡ ಸಮಸ್ಯೆ. ಎಣ್ಣೆ ಹೀರಿದ ರಬ್ಬರ್ ಉಬ್ಬಿ, ನೆತ್ತಿಯಲ್ಲಿ ಜೋಲುತ್ತದೆ. ತಲೆ ತೊಳೆದು ಬರಲು ಹೇಳಿ, ಆಮೇಲೂ ಹತ್ತಿಯ ಟೊಪ್ಪಿ ಹಾಕಿಸಿಯೇ ಮುಖವಾಡ ತೊಡಿಸಿ.