ಹಲಸಿನ ಹಪ್ಪಳ ಮಾರಲು ವಾಟ್ಸಾಪ್ ಬಿಸಿನೆಸ್: ನಾವು ಮಾಡುವ ಕ್ರಮ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ವೆಬ್‌ಸೈಟ್ ಇಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಒಂದೇ ನಮ್ಮ ಅಂಗಡಿ.

ಮೊದಲು ಬೇರೆ ಸಿಮ್ ತೆಗೆದುಕೊಳ್ಳಿ. ಮನೆಯವರ ಮೆಸೇಜ್ ನಡುವೆ ಆರ್ಡರ್ ಕಣ್ಣಿಗೆ ಬೀಳದೆ, ಒಂದು ಮದುವೆ ಮನೆಗೆ ನಮ್ಮ ಹಪ್ಪಳ ಹೋಗಲೇ ಇಲ್ಲ. ಆ ಬೇಜಾರು ಈಗಲೂ ಇದೆ.

ಆಮೇಲೆ ಕ್ಯಾಟಲಾಗ್, ಅಂದರೆ ಆ್ಯಪ್ ಒಳಗೆ ನಮ್ಮ ಸಾಮಾನಿನ ಫೋಟೋ, ರೇಟು ತೋರಿಸುವ ಪಟ್ಟಿ. ಇಲ್ಲಿ ಫೋಟೋನೇ ಮುಖ್ಯ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಹಪ್ಪಳ ಬಿಳಿಚಿಕೊಂಡು ಕಾಣುತ್ತದೆ. ಬೆಳಿಗ್ಗೆ 9ರ ಹೊತ್ತಿಗೆ ಜಗಲಿಯ ಅಂಚಿನಲ್ಲಿ ಬಾಳೆಲೆ ಹಾಸಿ, ಒಂದು ಹಸಿ ಹಪ್ಪಳ, ಪಕ್ಕದಲ್ಲಿ ಕರಿದದ್ದು ಇಡಿ. ಹತ್ತಿರದಿಂದ ತೆಗೆಯಿರಿ. ಜೀರಿಗೆ, ಮೆಣಸಿನ ಚೂರು ಕಾಣಬೇಕು. ಕೆಳಗೆ ಎಷ್ಟು ಹಪ್ಪಳ, ರೇಟು, ಕೊರಿಯರ್ ಖರ್ಚು ಬರೆಯಿರಿ. ‘ರೇಟಿಗೆ ಮೆಸೇಜ್ ಮಾಡಿ’ ಅಂತ ಬರೆಯಲೇಬೇಡಿ. ಕೇಳಲು ಸಂಕೋಚವಾಗಿ ಜನ ಮುಂದೆ ಹೋಗುತ್ತಾರೆ, ಅಲ್ವಾ? ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರನ್ನೂ ಹಾಕಿ.

ಪದೇ ಪದೇ ಬರುವ ಪ್ರಶ್ನೆಗೆ ಕ್ವಿಕ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಉತ್ತರ ಮಾಡಿಟ್ಟುಕೊಳ್ಳಿ. ಹಣ ಬಂದ ಆರ್ಡರ್‌ಗೆ ಆ್ಯಪ್‌ನಲ್ಲೇ ಲೇಬಲ್ (ಬಣ್ಣದ ಗುರುತು) ಹಾಕಿ.

ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಅದಕ್ಕೇ ಪ್ರತಿ ಪ್ಯಾಕೆಟ್ ಒಳಗೆ ‘ನಂಬರ್ ಸೇವ್ ಮಾಡಿಕೊಳ್ಳಿ’ ಅನ್ನುವ ಚೀಟಿ ಇಡುತ್ತೇನೆ. ಸ್ಟೇಟಸ್ 24 ಗಂಟೆ ಇರುತ್ತದೆ. ಹಪ್ಪಳ ಒಣಗಿಸುವ ದಿನ ಚಾಪೆ ಮೇಲಿನ ವಿಡಿಯೋ ಹಾಕಿ. ಸುಮ್ನೆ ಗುಡ್ ಮಾರ್ನಿಂಗ್ ಚಿತ್ರ ಬೇಡ.

ಮಳೆ ಹಿಡಿದ ಮೇಲೆ ಹಪ್ಪಳ ಒಣಗುವುದಿಲ್ಲ. ದಾಸ್ತಾನು ಮುಗಿದ ತಕ್ಷಣ ಕ್ಯಾಟಲಾಗ್‌ನಲ್ಲಿ ಆ ಐಟಂ ಹೈಡ್ ಮಾಡಿ.